ಗಾಡಿ ಓಟದ ಗೆರೆ ಮತ್ತು ನನ್ನ ಕೆಂಪು ಟವಲ್ಲು

ಕೆರೆ ನೀರು ಹಿಂದಕ್ಕೆ ಸರಿದು ಅಂಗಳದ ಮಣ್ಣು ಬಿರುಕು ಬಿಡುವುದೇ ತಡ, ನಮ್ಮ ಕಡೆ ಎತ್ತಿನ ಗಾಡಿ ಓಟದ ಸುದ್ದಿ ಶುರುವಾಗುತ್ತದೆ. ಓಟ ಇರುವುದು ಇನ್ನೊಂದು ತಿಂಗಳಿಗೆ. ಸುದ್ದಿ ಮಾತ್ರ ಎತ್ತಿಗಿಂತ ಮುಂಚೆ ಓಡುತ್ತದೆ. ಯಾರು ಯಾವ ಜೋಡಿ ಕೊಂಡರು, ಯಾವ ಹೋರಿಗೆ ಕಾಲು ಉಳುಕಿತು, ಯಾರ ಗಾಡಿಯ ಮೇಲೆ ಯಾರು ನಿಲ್ಲುತ್ತಾರೆ. ಮುಂಚೆ ಈ ಸುದ್ದಿ ತಿಪಟೂರು ಸಂತೆಯಿಂದ ನಡೆದುಕೊಂಡು ಬರುತ್ತಿತ್ತು. ಬರುವಷ್ಟರಲ್ಲಿ ಸುಸ್ತಾಗಿ ಅರ್ಧ ಸುಳ್ಳು ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಈಗ ಫೋನಿನಲ್ಲಿ ಬರುತ್ತದೆ. ಸುಸ್ತಿಲ್ಲದೆ ಪೂರ್ತಿ ಸುಳ್ಳೇ ಬಂದು ಇಳಿಯುತ್ತದೆ.

ನಲವತ್ತು ವರ್ಷದಿಂದ ನಮ್ಮೂರ ಓಟದಲ್ಲಿ ಗೆರೆ ಕಾಯುವವನು ನಾನು. ಒಂದು ಸಲಕ್ಕೆ ಎರಡು ಗಾಡಿ, ಅಕ್ಕಪಕ್ಕ ಎರಡು ದಾರಿ, ಕೊನೆಯಲ್ಲಿ ಸುಣ್ಣದ ಗೆರೆ. ಮೊದಲು ಗೆರೆ ದಾಟಿದ ಗಾಡಿಯ ಕಡೆಗೆ ಕೆಂಪು ಟವಲ್ಲು ಬೀಸುವುದು ನನ್ನ ಕೆಲಸ. ಟವಲ್ಲು ಎತ್ತ ಬೀಸಿತೋ ಗೆಲುವು ಅತ್ತ. ಅಲ್ಲಿ ಶಾಸಕರು ಕೂತಿದ್ದರೂ ಬಾಯಿ ಮುಚ್ಚಿಕೊಳ್ಳಬೇಕು. ಈ ವರ್ಷದ ಸುದ್ದಿಯಲ್ಲಿ ಆ ಟವಲ್ಲಿಗೇ ಕುತ್ತು ಬಂತು. ಅದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ಬಾಯಿ ಕಹಿಯಾಗುತ್ತದೆ.

ಶಾಲೆ ಮೆಟ್ಟಿಲು ತುಳಿದವನಲ್ಲ ನಾನು. ನಾನು ಹೇಳಿದ್ದನ್ನು ಸೊಸೆ ಬರೆದುಕೊಂಡಿದ್ದಾಳೆ. ಇದರಲ್ಲಿ ತಪ್ಪಿದ್ದರೆ ಅವಳದು, ಸೊಗಸಿದ್ದರೆ ನನ್ನದು.

೧. ದಂಡಿನಶಿವರದ ಬಿರುಗಾಳಿ

ಬಸ್ ಸ್ಟಾಪಿನ ಎದುರಿನ ಕಾಫಿ ಹೋಟೆಲಿನಲ್ಲಿ ಮೊದಲ ಸುದ್ದಿ ಬಿತ್ತು. ತಂದವನು ಓಟದ ಸಮಿತಿಯ ಅಧ್ಯಕ್ಷ. ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಮೂಗು ಸೋರಿಸಿಕೊಂಡು ನನ್ನ ಹೆಗಲ ಮೇಲೆ ಕೂತು ಓಟ ನೋಡಿದ ಹುಡುಗ, ಈಗ ನನಗೇ ಓಟ ಹೇಳಿಕೊಡುತ್ತಾನೆ.

ದಂಡಿನಶಿವರದವರು ಯಾರೋ ಒಂದು ಜೋಡಿ ತಂದಿದ್ದಾರಂತೆ. ಒಂದು ಮನೆ ಕಟ್ಟಿಸುವಷ್ಟು ದುಡ್ಡು ಸುರಿದಿದ್ದಾರಂತೆ. ಓಡಿದರೆ ಕಾಲು ಕಾಣುವುದಿಲ್ಲವಂತೆ. ಅಂತೆ ಕಂತೆ ಮುಗಿದ ಮೇಲೆ ಫೋನು ತೆಗೆದು ತೋರಿಸಿದ. ಹೌದು, ತೋಟದ ಪಕ್ಕದ ದಾರಿಯಲ್ಲಿ ಎತ್ತುಗಳು ಬಾಣದ ಹಾಗೆ ಬಂದವು, ಹೋದವು. ಹೋಟೆಲಿನಲ್ಲಿ ಇದ್ದಬದ್ದವರೆಲ್ಲ ಕಾಫಿ ಲೋಟ ಕೆಳಗಿಟ್ಟು ಉಸಿರು ಬಿಟ್ಟರು.

ಇನ್ನೊಂದು ಸಲ ತೋರಿಸು ಎಂದೆ. ಎಲ್ಲರೂ ಎತ್ತು ನೋಡಿದರು, ನಾನು ಹಿಂದಿನ ತೋಟ ನೋಡಿದೆ. ಅಲ್ಲೊಂದು ತೆಂಗಿನಕಾಯಿ ಉದುರಿತು. ಅದು ನೆಲ ಮುಟ್ಟಿ ಎರಡನೇ ಸಲ ಪುಟಿಯುವಷ್ಟರಲ್ಲಿ ಒಬ್ಬಳು ಮುದುಕಿ ಆ ಕಡೆಯಿಂದ ಬಂದು, ಬಗ್ಗಿ, ಕಾಯಿ ಎತ್ತಿಕೊಂಡು, ಈ ಕಡೆ ಬೇಲಿ ದಾಟಿಬಿಟ್ಟಳು.

"ಲೇ ಅಧ್ಯಕ್ಷ, ನನಗಿಂತ ವಯಸ್ಸಾದೋಳು ಕಣ್ಲಾ ಅವಳು. ಚಿತ್ರನ ಜೋರಾಗಿ ಓಡಿಸವ್ರೆ, ಎತ್ತನ್ನಲ್ಲ" ಎಂದೆ.

ಅವನು ಫೋನು ಕಣ್ಣ ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದ. ಆಮೇಲೆ ಬಹಳ ಯೋಚನೆ ಮಾಡಿದವನ ಹಾಗೆ ಹೇಳಿದ:

"ಹಂಗಾರೆ ದೊಡ್ಡಪ್ಪ, ಆ ಅಜ್ಜೀನೂ ಕೊಂಡ್ಕೋಬೇಕಾಗಿತ್ತು ಅವರು."

ಜನ ನಕ್ಕರು. ನನ್ನ ಮಾತು ಆ ನಗುವಿನಲ್ಲಿ ಸತ್ತುಹೋಯಿತು. ಸಂಜೆಗೆಲ್ಲ ದಂಡಿನಶಿವರದ ಜೋಡಿಯೇ ಈ ವರ್ಷ ಗೆಲ್ಲುವುದು ಎಂದು ಊರೆಲ್ಲ ತೀರ್ಮಾನವಾಗಿತ್ತು.

೨. ಅಂಗಿ ತುಂಬ ಹೆಸರು

ಎರಡನೇ ಸುದ್ದಿ ಗಾಡಿ ಹೊಡೆಯುವವನದು. ಇಪ್ಪತ್ತು ವರ್ಷ ಒಂದೇ ಮನೆಯ ಗಾಡಿಯ ಮೇಲೆ ನಿಂತವನು. ಆ ಮನೆಯಲ್ಲೇ ಉಂಡು, ಆ ಮನೆಯ ಎತ್ತಿನ ಪಕ್ಕದಲ್ಲೇ ಮಲಗಿದವನು. ಈ ವರ್ಷ ಮಾಯಸಂದ್ರದ ಕಡೆಯವರ ಗಾಡಿಗೆ ಹೋದ. ಮುಂಚೆ ಇಂಥವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಇವನು ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡ. ನಿಯತ್ತಿಗೆ ಯಾರೂ ಹಾರ ಹಾಕಿದ್ದನ್ನು ನಾನು ಕಂಡಿಲ್ಲ.

ಹೊಸ ಯಜಮಾನರು ಅವನಿಗೊಂದು ಅಂಗಿ ಹೊಲಿಸಿದ್ದರು. ಅಂಗಿಯೇ ಅದು? ಎದೆಯ ಮೇಲೆ ಬೋರ್‌ವೆಲ್ ಕೊರೆಯುವವರು, ಬೆನ್ನ ಮೇಲೆ ಸಿಮೆಂಟ್ ಇಟ್ಟಿಗೆಯವರು, ಒಂದು ತೋಳಿಗೆ ಹಲ್ಲಿನ ಡಾಕ್ಟರು, ಇನ್ನೊಂದು ತೋಳಿಗೆ ಮದುವೆ ಛತ್ರ. ಇದೆಲ್ಲ ನನಗೆ ಸೊಸೆ ಓದಿ ಹೇಳಿದ್ದು. ಅವನ ಹೆಸರು ಎಲ್ಲಿದೆಯಮ್ಮಾ ಎಂದು ಕೇಳಿದೆ. ಅದಕ್ಕೆ ಜಾಗ ಮಿಕ್ಕಿಲ್ಲ ಮಾವ ಎಂದಳು.

ಕೆರೆ ಅಂಗಳದಲ್ಲಿ ಎತ್ತು ಪಳಗಿಸುವಾಗ ಅವನು ಗಾಡಿ ಮೇಲಿಂದ ಬಿದ್ದ. ಬಿದ್ದ ಎಂದರೆ ಸುಮ್ಮನೆ ಬೀಳಲಿಲ್ಲ, ಆಕಾಶಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಇದ್ದು, ವಾಪಸ್ಸು ಬಂದು ಬಿದ್ದ. ಐವತ್ತು ಜನ ಓಡಿದೆವು. ಮೊದಲು ಮುಟ್ಟಿದವರು ಸುತ್ತ ನಿಂತರು. ಬೋರಲು ಬಿದ್ದಿದ್ದನಲ್ಲ, ಬೆನ್ನು ಓದಿದರು. ಅಯ್ಯಪ್ಪ ಎಂದು ಅವನು ಮಗ್ಗುಲಾದ, ತೋಳು ಓದಿದರು. ಹಲ್ಲಿನ ಡಾಕ್ಟರ ಅಂಗಡಿ ಯಾವ ರಸ್ತೆಯಲ್ಲಿದೆ ಎಂದು ಇಬ್ಬರಲ್ಲಿ ಚರ್ಚೆಯಾಯಿತು.

ನಾನು ಜನರನ್ನು ತಳ್ಳಿಕೊಂಡು ಹೋಗಿ, ಕಂಕುಳಿಗೆ ಕೈ ಕೊಟ್ಟು ಅವನನ್ನು ಎತ್ತಿ ಕೂರಿಸಿದೆ. ನೀನೊಬ್ಬನೇ ಕಣಣ್ಣ ಮನುಷ್ಯ ಎಂದು ಕಣ್ಣೀರು ಹಾಕಿದ.

ಮನುಷ್ಯತ್ವ ಎಲ್ಲಿ ಬಂತು, ಅಲ್ಲಿದ್ದವರಲ್ಲಿ ಓದು ಬರದವನು ನಾನೊಬ್ಬನೇ.

೩. ನೊಣದ ನ್ಯಾಯ

ನನ್ನ ಕಣ್ಣು ಎಂಥದ್ದು ಎನ್ನುವುದನ್ನು ಇಲ್ಲಿ ಹೇಳದಿದ್ದರೆ ಮುಂದಿನ ಅನ್ಯಾಯ ನಿಮಗೆ ಅರ್ಥವಾಗುವುದಿಲ್ಲ.

ಒಂದು ವರ್ಷ ಕೊನೆಯ ಓಟಕ್ಕೆ ನೊಣವಿನಕೆರೆ ಕಡೆಯ ಒಂದು ಗಾಡಿ, ತುರುವೇಕೆರೆ ಕಡೆಯ ಒಂದು ಗಾಡಿ. ಎರಡೂ ಹೆಗಲಿಗೆ ಹೆಗಲು ಕೊಟ್ಟುಕೊಂಡು ಬಂದವು. ಗೆರೆಯ ಮೇಲೆ ನಾಲ್ಕು ಮೂಗು ಒಂದೇ ಸಾಲು. ದಾರ ಹಿಡಿದಿದ್ದರೆ ನಾಲ್ಕಕ್ಕೂ ತಾಗುತ್ತಿತ್ತು. ನೋಡಿದವರು ಸಮ ಸಮ ಎಂದು ಕೂಗಿದರು. ನಾನು ಎಡಕ್ಕೆ ಟವಲ್ಲು ಬೀಸಿದೆ. ಗೆದ್ದದ್ದು ತುರುವೇಕೆರೆ.

ಸೋತ ಯಜಮಾನ ಎದೆ ಮೇಲೆ ಏರಿ ಬಂದ. ಹೇಗೆ ಕೊಟ್ಟೆ ನ್ಯಾಯ ಎಂದ. ಮೂಗು ಸಮವೇ, ಆದರೆ ಎಡಗಡೆ ಎತ್ತಿನ ಮೂಗಿನ ತುದಿಯಲ್ಲಿ ಒಂದು ನೊಣ ಕೂತಿತ್ತು, ಅದು ನೊಣದಷ್ಟು ಮುಂಚೆ ಗೆರೆ ದಾಟಿತು ಎಂದೆ. ಅಂಥ ವೇಗದಲ್ಲಿ ನೊಣ ಕಂಡ ಕಣ್ಣು ಸುತ್ತಿನ ಹದಿನಾರು ಹಳ್ಳಿಯಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಆ ಯಜಮಾನ ನೊಣ ಇರಲಿಲ್ಲ ಎಂದು ವಾದ ಮಾಡಲಿಲ್ಲ. ಅಷ್ಟು ಧೈರ್ಯ ಯಾರಿಗಿತ್ತು? ಮೆತ್ತಗಿನ ದನಿಯಲ್ಲಿ ಕೇಳಿದ:

"ಬೆಳಗ್ಗೆಯಿಂದ ಆ ನೊಣ ನಮ್ಮೆತ್ತಿನ ಮೇಲಿತ್ತು ಕಣಣ್ಣ. ಅವರದ್ದು ಅಂತ ಹೆಂಗೆ ಬರ್ಕೊಂಡೆ?"

೪. ಮೈಕು ಕಟ್ಟಿದ ಆಟೋ

ಈಗ ಕಹಿ ಸುದ್ದಿ. ಅದು ನನಗೆ ಬಂದ ರೀತಿ ನೋಡಿ. ಓಟ ಹತ್ತಿರ ಬಂತೆಂದು ಮನೆ ಮುಂದೆ ಕಲ್ಲಿನ ಮೇಲೆ ಟವಲ್ಲು ಒಗೆಯುತ್ತಿದ್ದೆ. ಪ್ರತಿ ವರ್ಷ ನಾನೇ ಒಗೆಯುವುದು, ಹೆಂಡತಿ ಕೈಗೂ ಕೊಡುವುದಿಲ್ಲ. ಮೈಕು ಕಟ್ಟಿದ ಆಟೋ ಬಂತು. ಮಹಾಜನರೇ, ಈ ಸಲ ಗೆರೆಯ ಹತ್ತಿರ ಕ್ಯಾಮರಾ ಮಿಷನ್ನು ಇಡಲಾಗುತ್ತದೆ, ಮಿಷನ್ನಿನ ತೀರ್ಪೇ ಅಂತಿಮ, ಯಾರೂ ತಕರಾರು ಮಾಡುವಂತಿಲ್ಲ ಎಂದು ಕೂಗಿತು. ನನ್ನ ಮನೆ ಮುಂದೆ ರಸ್ತೆಗೆ ಹಳ್ಳ ಬಿದ್ದಿದೆಯಲ್ಲ, ಅದಕ್ಕೇ ಅಲ್ಲಿ ನಿಧಾನ ಮಾಡಿ ಎರಡು ಸಲ ಕೂಗಿತು.

ಒದ್ದೆ ಟವಲ್ಲು ಹಿಡಿದುಕೊಂಡೇ ಅಧ್ಯಕ್ಷನ ಕೊಬ್ಬರಿ ಮಂಡಿಗೆ ಹೋದೆ. ಅವನು ಕೊಬ್ಬರಿ ಅಲ್ಲಾಡಿಸಿ ಕಿವಿಗೆ ಹಿಡಿದು ಕೇಳುತ್ತಿದ್ದ. ನಲವತ್ತು ವರ್ಷದಲ್ಲಿ ನಾನು ತಪ್ಪು ಕೊಟ್ಟ ಒಂದು ತೀರ್ಪು ಹೇಳು ಎಂದೆ. ಇಲ್ಲ ಎಂದ. ಯಾರ ಹತ್ತಿರವಾದರೂ ಒಂದು ಲೋಟ ಕಾಫಿ ಕುಡಿದು ಟವಲ್ಲು ಬೀಸಿದ್ದೀನಾ ಎಂದೆ. ಇಲ್ಲ ಎಂದ. ಮತ್ತೆ ಯಾಕೆ ಎಂದೆ.

"ವಯಸ್ಸಾಯ್ತಲ್ಲ ದೊಡ್ಡಪ್ಪ. ಬಿಸಿಲಲ್ಲಿ ಯಾಕೆ ನಿಲ್ತೀಯ? ಶಾಮಿಯಾನದಲ್ಲಿ ಕುರ್ಚಿ ಹಾಕ್ಸಿದ್ದೀನಿ. ಸನ್ಮಾನನೂ ಇಟ್ಕೊಂಡಿದ್ದೀವಿ."

ನಾನೇನು ಕುರ್ಚಿ ಕಾಣದವನೇ? ಆ ಗೆರೆಯ ಹತ್ತಿರ ನಿಂತಾಗ ಮಾತ್ರ ಈ ಊರು ನನ್ನ ಕೈ ಕಡೆ ನೋಡುತ್ತದೆ. ವರ್ಷದಲ್ಲಿ ಒಂದು ದಿನ. ಮಿಕ್ಕ ದಿನ ನಾನು ಬಸ್ಸಿಗೆ ಕೈ ಅಡ್ಡ ಹಿಡಿದರೂ ನಿಲ್ಲಿಸುವುದಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಒದ್ದೆ ಟವಲ್ಲು ಹೆಗಲಿಗೆ ಹಾಕಿಕೊಂಡು ಹೊರಟೆ.

ಮನೆಗೆ ಬಂದು ಸನ್ಮಾನದ ವಿಷಯ ಹೇಳಿದೆ. ಏನು ಕೊಡುತ್ತಾರಂತೆ ಎಂದು ಹೆಂಡತಿ ಕೇಳಿದಳು. ಶಾಲು ಎಂದೆ.

"ಟವಲ್ ಕಿತ್ಕೊಂಡು ಶಾಲು ಕೊಟ್ರೆ ಬಟ್ಟೆ ಲೆಕ್ಕದಲ್ಲಿ ಲಾಭನೇ ಬುಡಿ" ಎಂದಳು.

೫. ಮೊದಲ ಬಹುಮಾನ

ಓಟಕ್ಕೆ ಒಂದು ವಾರ ಮುಂಚೆ ಮಿಷನ್ನು ಪರೀಕ್ಷೆ ಇಟ್ಟರು. ಪರೀಕ್ಷೆ ಆದರೂ ಜನ ಬರಲಿ ಎಂದು ಗೆದ್ದವರಿಗೆ ಎತ್ತಿಗೆ ತಿನ್ನಿಸಲು ಒಂದು ಮೂಟೆ ಹಿಂಡಿ ಬಹುಮಾನ ಎಂದು ಸಾರಿದರು. ಗೆರೆಯ ಎರಡು ಕೊನೆಗೂ ಒಂದೊಂದು ಕಂಬ. ನಡುವೆ ಕಣ್ಣಿಗೆ ಕಾಣದ ಬೆಳಕಿನ ದಾರ ಇದೆಯಂತೆ. ಮೊದಲು ಯಾರು ಆ ದಾರ ಕಡಿಯುತ್ತಾರೋ ಅವರ ಫೋಟೋ ತೆಗೆದು ದೊಡ್ಡ ಪರದೆಯ ಮೇಲೆ ಹಾಕುತ್ತದಂತೆ. ಮೇಲೊಂದು ಫ್ಲೆಕ್ಸು. 'ಮಿಷನ್ ತೀರ್ಪೇ ಅಂತಿಮ' ಎಂದು ಬರೆದಿದೆ ಎಂದು ಸೊಸೆ ಓದಿ ಹೇಳಿದಳು.

ಶಾಮಿಯಾನದ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಕಾಣುವುದು ಧೂಳು ಮತ್ತು ಮುಂದಿನವರ ತಲೆ. ಅತ್ತ ಗಾಡಿ ಬಿಟ್ಟರು. ಕೂಗು ಎದ್ದಿತು. ನಾನು ಏಳಲಿಲ್ಲ, ದೇವರಾಣೆ, ನನ್ನ ಕಾಲು ಎದ್ದವು. ನಲವತ್ತು ವರ್ಷ ಅಲ್ಲೇ ನಿಂತ ಕಾಲು, ಅವಕ್ಕೇನು ಗೊತ್ತು ಸಮಿತಿ ತೀರ್ಮಾನ? ಕಂಬದ ಪಕ್ಕಕ್ಕೆ ಕರೆದುಕೊಂಡು ಹೋದವು. ಸರಿಯಾಗಿ ಕಾಣಲೆಂದು ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿದೆ. ಬಗ್ಗಿ ತಲೆ ಎತ್ತಿದರೆ ಎಡಗಡೆ ಜೋಡಿ ನನ್ನ ಮೇಲೇ ಬರುತ್ತಿದೆ.

ಆಮೇಲೆ ನಾನು ಓಡಿದ ಓಟ ಇದೆಯಲ್ಲ, ಅದನ್ನು ನಾನೇ ಹೇಳಿಕೊಂಡರೆ ಜಂಬ ಎನ್ನುತ್ತೀರಿ. ಇಷ್ಟು ಹೇಳುತ್ತೇನೆ, ಗೆರೆ ದಾಟಿ ಪಕ್ಕದ ಹುಲ್ಲಿಗೆ ಬಿದ್ದು, ಎದ್ದು, ಮೈ ಕೊಡವಿಕೊಂಡು, ಪಂಚೆ ಸರಿ ಮಾಡಿಕೊಂಡ ಮೇಲೆ ಎತ್ತುಗಳು ಗೆರೆ ದಾಟಿದವು.

ಕುಂಯ್ ಎಂದಿತು ಮಿಷನ್ನು. ಮೈಕಿನವನು ಪರದೆ ನೋಡದೆ, ಪ್ರಥಮ ಬಹುಮಾನ ಎಡಗಡೆಗೆ ಎಂದು ಕೂಗಿದ. ಜನ ಪರದೆ ನೋಡಿದರು. ಹಿಂದೆ ಧೂಳು, ಧೂಳಿನಲ್ಲಿ ಎರಡು ಜೊತೆ ಕೊಂಬು. ಮುಂದೆ ನಾನು. ಪಂಚೆ ತೊಡೆಗೆ, ಬಾಯಿ ಕಿವಿಗೆ, ಹೆಗಲ ಮೇಲಿನ ಟವಲ್ಲು ಬಾವುಟದ ಹಾಗೆ ಹಿಂದಕ್ಕೆ.

ಕೆರೆ ಅಂಗಳದಲ್ಲಿ ಎದ್ದ ನಗು ಚಿಕ್ಕನಾಯಕನಹಳ್ಳಿಗೆ ಕೇಳಿಸಿತಂತೆ. ಗಾಡಿಯ ಯಜಮಾನರಿಬ್ಬರೂ ಜಗಳಕ್ಕೆ ಬಿದ್ದರು. ಇದನ್ನು ಅಳಿಸಿಹಾಕು ಎಂದು ಅಧ್ಯಕ್ಷ ಮಿಷನ್ನಿನವನಿಗೆ ಹೇಳಿದ. ಅದು ಒಂದು ಸಲ ಹೇಳಿದ್ದನ್ನು ಬದಲಾಯಿಸಲು ಬರುವುದಿಲ್ಲ ಸಾರ್, ನೀವೇ ಹಾಗೆ ಇಡಿ ಅಂದಿದ್ದು ಎಂದು ಅವನು ಕೈ ಎತ್ತಿದ.

ನಾನು ಹುಲ್ಲು ಕೊಡವಿಕೊಂಡು ಹೋಗಿ ಅಧ್ಯಕ್ಷನ ಮುಂದೆ ನಿಂತೆ. ನಗು ನಿಂತಿತು. ಬಹಳ ದಿನದ ಮೇಲೆ ಊರು ನನ್ನ ಕಡೆ ನೋಡುತ್ತಿತ್ತು.

"ಒಂದೇ ಮಾತು ಮಗ. ಮಿಷನ್ ತಪ್ಪು ಅಂದ್ರೆ ನನ್ನ ಗೆರೆ ನನಗೆ ಕೊಡು. ಮಿಷನ್ ಸರಿ ಅಂದ್ರೆ ಬಹುಮಾನ ಕೊಡು. ಎರಡರಲ್ಲಿ ಯಾವುದು ಹೇಳು."

ಇನ್ನು ಅವನಿಗೆ ದಾರಿ ಇಲ್ಲ ಎಂದುಕೊಂಡೆ. ಗೆರೆ ವಾಪಸ್ಸು ಬಂತು ಎಂದೇ ಟವಲ್ಲು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡೆ. ಸಮಿತಿಯವರು ಶಾಮಿಯಾನದ ಹಿಂದೆ ಹೋಗಿ ಗುಸುಗುಸು ಮಾತಾಡಿದರು. ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತಾಯಿತು. ಅಧ್ಯಕ್ಷ ಬಂದ. ನನ್ನ ಮುಖ ನೋಡಲಿಲ್ಲ. ಇಬ್ಬರು ಆಳುಗಳಿಗೆ ಸನ್ನೆ ಮಾಡಿದ. ಅವರು ಹಿಂಡಿ ಮೂಟೆ ತಂದು ನನ್ನ ಕಾಲ ಹತ್ತಿರ ಇಳಿಸಿದರು.

ನಲವತ್ತು ವರ್ಷ ಬೇರೆಯವರಿಗೆ ಗೆಲುವು ಕೊಟ್ಟವನಿಗೆ ಸಿಕ್ಕ ಮೊದಲ ಬಹುಮಾನ ಅದು. ಮಿಷನ್ನು ತಪ್ಪು ಎಂದು ಒಪ್ಪುವುದಕ್ಕಿಂತ, ಮುದುಕ ಎತ್ತಿಗಿಂತ ಜೋರಾಗಿ ಓಡುತ್ತಾನೆ ಎಂದು ಒಪ್ಪುವುದೇ ಅವರಿಗೆ ಹಗುರವಾಯಿತು.

ಮೈಕಿನ ಆಟೋದಲ್ಲೇ ನನ್ನನ್ನೂ ಮೂಟೆಯನ್ನೂ ಮನೆ ಮುಂದೆ ಇಳಿಸಿದರು. ಹೆಂಡತಿ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು, ಫೋಟೋ ಸಮೇತ. ಅವಳು ಸುಲಿಯುತ್ತಲೇ ಇದ್ದಳು. ನನಗೇ ತಡೆಯಲಾಗಲಿಲ್ಲ. ಎತ್ತು ಮಾರಿ ಎಷ್ಟು ವರ್ಷ ಆಯಿತು, ಮನೆಯಲ್ಲಿ ಒಂದು ಕರುವೂ ಇಲ್ಲ, ಈ ಹಿಂಡಿ ಇಟ್ಟುಕೊಂಡು ಏನು ಮಾಡುವುದು ಎಂದೆ.

ಅವಳು ಮೂಟೆ ನೋಡಿದಳು. ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

"ಓಟದಲ್ಲಿ ಮೊದಲು ಬಂದಿದ್ದಕ್ಕೇ ಅಲ್ವಾ ಹಿಂಡಿ ಹಾಕೋದು? ಬೇಗ ಕೈಕಾಲು ತೊಳ್ಕೊಂಡ್ ಬನ್ನಿ. ನೆನೆಯೋಕೆ ಇಡ್ತೀನಿ."