ಗೌನಿಪಲ್ಲಿಯ ಬಾಯಿಗಳು ಮತ್ತು ನನ್ನ ನಲವತ್ತೆಂಟು ಅಂಕಗಳು

ಗೌನಿಪಲ್ಲಿ, ಶ್ರೀನಿವಾಸಪುರ ತಾಲ್ಲೂಕು
೨೮ ಜೂನ್ ೧೯೮೬

ದಂತವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ತೆರಡು ಹಲ್ಲುಗಳೂ ಸ್ವಸ್ಥಾನದಲ್ಲಿದ್ದು ತಾವು ಕ್ಷೇಮವಾಗಿರುವಿರೆಂದು ನಂಬಿ, ಗೌನಿಪಲ್ಲಿಯ ದೊಡ್ಡಮುನಿಯಪ್ಪನವರ ಮಗಳು ಗಂಗರತ್ನ ಎಂಬ ನಾನು, ತಮ್ಮ ಕಾಲೇಜಿನ ಸೀಟು ಎರಡನೇ ಸಲವೂ ಕೈತಪ್ಪಿದ ಸಂಭ್ರಮದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರಿಕೆಯ ಮೂಲಕ ಬರೆಯುತ್ತಿರುವುದೇಕೆಂದರೆ, ಕಚೇರಿಗೆ ಕಳಿಸಿದ ಎರಡು ಪತ್ರಗಳು ತಮ್ಮ ಕೈಸೇರುವ ಮುನ್ನ ಎಲ್ಲೋ ವಿಶ್ರಾಂತಿ ಪಡೆಯುತ್ತಿವೆ.

ಹೋದ ವರ್ಷ ತಾವು ನನ್ನ ಅರ್ಜಿಯನ್ನು ತಿರಸ್ಕರಿಸಿ ಸುಮ್ಮನಾಗದೆ, ಅದನ್ನು ಬಲಪಡಿಸಿಕೊಳ್ಳುವ ಬಗೆಯನ್ನೂ ತಿಳಿಸುವ ಔದಾರ್ಯ ತೋರಿದಿರಿ. ಪಿಯುಸಿ ಅಂಕಗಳು ಸರಾಸರಿಗಿಂತ ಕಡಿಮೆ, ಪ್ರವೇಶ ಪರೀಕ್ಷೆಯವು ಅದಕ್ಕಿಂತ ಕಡಿಮೆ, ಆದ್ದರಿಂದ ಪರೀಕ್ಷೆಯನ್ನು ಮತ್ತೆ ಬರೆಯಿರಿ, ಗಣ್ಯರ ಶಿಫಾರಸು ತನ್ನಿ, ಜನಸೇವೆಯ ಅನುಭವ ಪಡೆಯಿರಿ ಎಂದು ತಮ್ಮ ಕಾಗದದಲ್ಲಿತ್ತು. ಅಪ್ಪ ಆ ಕಾಗದವನ್ನು ದೇವರ ಪಟದ ಪಕ್ಕದಲ್ಲಿ ಅಂಟಿಸಿದರು.

ಪರೀಕ್ಷೆ ಬರೆದೆ. ನಲವತ್ತಾರಿದ್ದ ಅಂಕ ನಲವತ್ತೆಂಟಾಯಿತು. ತಮ್ಮ ಸರಾಸರಿ ಅರವತ್ತೆರಡಂತೆ. ವರ್ಷಕ್ಕೆರಡರಂತೆ ಏರಿದರೆ ಇನ್ನೇಳು ವರ್ಷಗಳಲ್ಲಿ, ನನ್ನ ಇಪ್ಪತ್ತಾರನೇ ವಯಸ್ಸಿಗೆ, ನಾನೂ ಅಲ್ಲಿಗೆ ಬಂದು ಮುಟ್ಟುತ್ತೇನೆ. ಅಲ್ಲಿಯವರೆಗೆ ಸರಾಸರಿಯು ಎಲ್ಲಿಗೂ ಹೋಗದೆ ನನಗಾಗಿ ಕಾದಿರಬೇಕೆಂದು ಆಜ್ಞಾಪಿಸಿ.

ಶಿಫಾರಸಿಗೆ ನಮಗೆ ಗಣ್ಯರಾರೂ ಗೊತ್ತಿರಲಿಲ್ಲ. ಬರಿಗೈಲಿ ಹೋಗಬಾರದೆಂದು ಅಪ್ಪ ಒಂದು ಬುಟ್ಟಿ ಬಾದಾಮಿ ಮಾವು ತಂದು ತಮ್ಮ ಕಚೇರಿಯಲ್ಲಿ ಇಟ್ಟುಹೋದರು. ನಮ್ಮ ಕಡೆ ಬಲಿತ ಕಾಯಿಯನ್ನೇ ಕಿತ್ತು ಕೊಡುವುದು, ಕೊಂಡವರು ಎಂಟು ದಿನ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿಕೊಳ್ಳುವುದು ವಾಡಿಕೆ. ಓದಿದವರಿಗೆ ಅದನ್ನೂ ಬಾಯಿಬಿಟ್ಟು ಹೇಳಿದರೆ ಅವಮಾನವಾದೀತೆಂದು ಅಪ್ಪ ಹೇಳಲಿಲ್ಲ. ಅಂದೇ ಹೆಚ್ಚಿ ತಿಂದ ತಮ್ಮ ಸಮಿತಿಯ ಮೂವರು ಸದಸ್ಯರಿಗೆ ಎರಡು ದಿನ ಹಲ್ಲು ಜುಮ್ಮೆಂದು ಕಾಫಿಯೂ ಸೇರಲಿಲ್ಲವೆಂದು ತಿಳಿದು ನಾವು ಮನೆಯವರೆಲ್ಲ ನೊಂದುಕೊಂಡೆವು. ನಾನು ಸ್ವಲ್ಪ ನಕ್ಕೆ, ಕ್ಷಮಿಸಿ.

ಇನ್ನು ಜನಸೇವೆ. ಫೆಬ್ರವರಿಯಲ್ಲಿ ತಮ್ಮ ಕಾಲೇಜಿನವರೇ ನಮ್ಮೂರ ಶಾಲೆಯಲ್ಲಿ ಹಲ್ಲಿನ ಶಿಬಿರ ನಡೆಸಿದರು. ಬಾವಿ ನೀರಿನ ಫ್ಲೋರೈಡಿನಿಂದ ನಮ್ಮೂರ ಹಲ್ಲುಗಳಿಗೆ ಕಂದು ಪಟ್ಟೆ ಬಂದಿರುವುದು ತಮಗೆ ಗೊತ್ತೇ ಇದೆ. ಹೆಣ್ಣು ನೋಡಲು ಬಂದವರೆದುರು ನಮ್ಮ ಹುಡುಗಿಯರು ತುಟಿ ಬಿಗಿಹಿಡಿದು ಕೂರುತ್ತಾರೆ, ಹೆಂಗಸರು ನಗುವಾಗ ಸೆರಗು ಬಾಯಿಗೆ ಹೋಗುತ್ತದೆ. ಬಿಳಿ ಕೋಟಿನ, ಬಿಳಿ ಹಲ್ಲಿನ ಡಾಕ್ಟರುಗಳ ಮುಂದೆ ಆ ದಿನ ಒಬ್ಬರೂ ಬಾಯಿ ತೆರೆಯಲಿಲ್ಲ. ಮಧ್ಯಾಹ್ನದವರೆಗೆ ಕಾದು, ಗ್ರಾಮದಲ್ಲಿ ದಂತರೋಗ ಕಂಡುಬಂದಿಲ್ಲವೆಂದು ಬರೆದುಕೊಂಡು ಅವರು ಹೊರಟರು. ಇಷ್ಟು ಬೇಗ ಒಂದು ಊರನ್ನೇ ಗುಣಪಡಿಸಿದ ವೈದ್ಯರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ.

ಅವರ ಜೀಪು ಹೋದ ಮೇಲೆ ನಾನೇ ಒಂದು ನೋಟ್‌ಬುಕ್ಕು, ಬ್ಯಾಟರಿ ಹಿಡಿದು ಕೂತೆ. ಮೊದಲು ನನ್ನ ಬಾಯಿ ತೆರೆದು ತೋರಿಸಿದೆ, ಅಲ್ಲಿಯೂ ಅವೇ ಪಟ್ಟೆಗಳು. ನಮ್ಮಜ್ಜಿ ಮುನಿಯಲ್ಲಮ್ಮ ಮುಂದೆ ಬಂದು ಕೂತಳು. "ನಿನ್ ಮುಂದಾದ್ರೆ ತೆಗೀಬೋದು ಕಣಮ್ಮ. ಆ ಬೆಳ್ಳನ್ ಹಲ್ಲಿನೋರ ಮುಂದೆ ಎಂಗ್ ತೆಗೀಲಿ?" ಎಂದಳು. ನಾಲ್ಕು ದಿನಗಳಲ್ಲಿ ಇನ್ನೂರ ಹದಿನೇಳು ಬಾಯಿಗಳನ್ನು ನೋಡಿ ಬರೆದುಕೊಂಡೆ. ಆ ನೋಟ್‌ಬುಕ್ಕನ್ನು ಅರ್ಜಿಯ ಜೊತೆ ಲಗತ್ತಿಸಿದ್ದೆ.

ಸಂದರ್ಶನದಲ್ಲಿ ತಾವು ಅದನ್ನು ತೆರೆಯಲಿಲ್ಲ, ನನಗೆ "ನಗು" ಎಂದಿರಿ. ನಕ್ಕೆ. ಮೊನ್ನೆ ಬಂದ ಕಾಗದದಲ್ಲಿ ಅಂಕಗಳ ಮಾತಿನ ಕೆಳಗೆ ಇನ್ನೊಂದು ಸಾಲಿತ್ತು, "ಅಭ್ಯರ್ಥಿಯ ಹಲ್ಲುಗಳು ರೋಗಿಗಳಲ್ಲಿ ಭರವಸೆ ಮೂಡಿಸುವಂತಿಲ್ಲ." ಅಂಕ ಕಡಿಮೆಯೆಂದರೆ ಒಪ್ಪುತ್ತೇನೆ, ಅದು ನನ್ನ ತಪ್ಪು. ಈ ಸಾಲನ್ನು ಓದಿ ಮಾತ್ರ ಅತ್ತೆ.

ಆದರೂ ತಮ್ಮ ನಿಯಮ ಘನವಾದದ್ದು. ಇದೇ ಪ್ರಕಾರ ಕನ್ನಡಕ ಹಾಕುವ ಕಣ್ಣಿನ ಡಾಕ್ಟರನ್ನೂ, ತಲೆ ಬೋಳಾದ ಕ್ಷೌರಿಕರನ್ನೂ ತಾವು ಕೂಡಲೇ ಮನೆಗೆ ಕಳಿಸುವಿರೆಂದು ನಂಬಿದ್ದೇನೆ. ಅದಾಗದಿದ್ದಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ನೆಲದಡಿಯ ನೀರನ್ನಾದರೂ ಬರುವ ವರ್ಷದ ಅರ್ಜಿಯ ಕೊನೆಯ ದಿನಾಂಕದೊಳಗೆ ಸರಿಪಡಿಸಿಕೊಟ್ಟರೆ ನನ್ನ ಅರ್ಜಿಗೆ ತಕ್ಕ ಬಲ ಬರುತ್ತದೆ.

ಮೂರನೇ ಸಲವೂ ಅರ್ಜಿ ಹಾಕುವುದರಲ್ಲಿ ಸಂಶಯವಿಲ್ಲದ,
ತಮ್ಮ ವಿಶ್ವಾಸಿ,
ಡಿ. ಗಂಗರತ್ನ

ಮರೆತ ಮಾತು: ಆಗಸ್ಟಿನಲ್ಲಿ ಮತ್ತೆ ಶಿಬಿರವಿದೆಯೆಂದೂ, ಈ ಸಲವಾದರೂ ಗ್ರಾಮಸ್ಥರು ಬಾಯಿ ತೆರೆಯುವಂತೆ ಯಾರಾದರೂ ಮನವೊಲಿಸಬೇಕೆಂದೂ ತಾವೇ ಸಹಿ ಮಾಡಿದ ಕಾಗದ ನಮ್ಮ ಪಂಚಾಯಿತಿ ಛೇರ್ಮನ್ನರಿಗೆ ಬಂತು. ಅವರು ಅದನ್ನು ಓದಿ, ಮಡಚಿ, ನನ್ನ ಕೈಗೆ ಕೊಟ್ಟರು. ಖಂಡಿತ ಬರುತ್ತೇನೆ. ಬಿಳಿ ಕೋಟಿಗೆ ನನ್ನ ಅಳತೆ ಲಗತ್ತಿಸಿದೆ.