ಏಳು ಹುಣಸೆಯ ಒಂದು ಸೊಂಟ

ಆ ಭಾನುವಾರ ಬೆಳಿಗ್ಗೆ ಟೈಲರ್ ಕದಿರಯ್ಯ ಎದ್ದವನೇ ಜಗಲಿಗೆ ಬಂದು, ಕುಂಡದ ಮುಂದೆ ಕೈಮುಗಿದು, ಕಣ್ಣು ಬಿಟ್ಟು ನೋಡಿದರೆ ಗಿಡದ ತಲೆಯ ಮೇಲೆ ಒಂದೇ ಒಂದು ಚಿಗುರಿರಲಿಲ್ಲ.

ನಿನ್ನೆ ಸಂಜೆ ಇತ್ತು. ತಿಳಿಗೆಂಪು ಚಿಗುರು, ತುಪ್ಪದ ದೀಪ ಹಚ್ಚಿಟ್ಟ ಹಾಗೆ, ರೆಂಬೆರೆಂಬೆಯ ತುದಿಯಲ್ಲೂ ಇತ್ತು. ಈಗ ಗಿಡ ಆಗತಾನೇ ಕ್ರಾಪು ಹೊಡೆಸಿಕೊಂಡು ಕ್ಷೌರದಂಗಡಿಯಿಂದ ಇಳಿದವನಂತೆ ನಿಂತಿತ್ತು.

"ಲೇ ಚಿಕ್ಕರಾಜೂ!" ಕದಿರಯ್ಯನ ಕೂಗಿಗೆ ಬರಗೂರಿನ ಆ ಬೀದಿಯ ಕೋಳಿಗಳೆಲ್ಲ ಒಮ್ಮೆಗೇ ಹಾರಿದವು. "ಬಾರ್ಲಾ ಈಚೆಗೆ! ನಿನ್ ಮೇಕೆ ನನ್ ಮಾನಾನೇ ಮೇದ್ಬುಟ್ಟೈತೆ!"

ಪಕ್ಕದ ಮನೆಯ ಚಿಕ್ಕರಾಜು ಬೇವಿನ ಕಡ್ಡಿ ಕಚ್ಚಿಕೊಂಡೇ ಬಂದ. ಅವನ ಹಿಂದೆ ಅವನ ಬಿಳಿ ಮೇಕೆಯೂ ಬಂತು. "ಏನ್ ಕದಿರಣ್ಣ, ಬೆಳಗೆದ್ದು ಮೇಕೆ ಜಪ?"

"ನೋಡು, ಚಿಗುರು ಎಲ್ಲೈತೆ? ಇವತ್ತೇ ಮಧುಗಿರೀಲಿ ಕುಂಡದ್ ಗಿಡಗಳ ಸ್ಪರ್ಧೆ. ಇವತ್ತೇ ಆಗ್ಬೇಕಿತ್ತಾ?"

"ನನ್ ಮೇಕೆ ರಾತ್ರಿ ಎಲ್ಲಾ ಕಟ್ಟಾಕಿತ್ತು. ಹಗ್ಗ ನೋಡು. ಗಂಟು ನೋಡು."

"ಗಂಟು ಬಿಚ್ಚೋ ಮೇಕೆ ಅದು!"

ಈ ಜಗಳ ಹೊಸದಲ್ಲ. ಆರು ವರ್ಷದಿಂದ ಚಿಗುರು ಬಂದಾಗಲೆಲ್ಲ ಮಾಯವಾಗುತ್ತಿತ್ತು. ಮಾಯವಾದಾಗಲೆಲ್ಲ ಕದಿರಯ್ಯ ಕೂಗುತ್ತಿದ್ದ. ಕೂಗಿದಾಗಲೆಲ್ಲ ಚಿಕ್ಕರಾಜು ಗಂಟು ತೋರಿಸುತ್ತಿದ್ದ.

ಆರು ವರ್ಷದ ಹಿಂದೆ, ಲಾಕ್‌ಡೌನ್ ಕಾಲದಲ್ಲಿ, ಜನ ಬಟ್ಟೆ ಹೊಲಿಸುವುದನ್ನೇ ಮರೆತಿದ್ದರಿಂದ ಕದಿರಯ್ಯ ಬರೀ ಮಾಸ್ಕ್ ಹೊಲಿಯುತ್ತ ಕುಳಿತಿದ್ದಾಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಜಪಾನಿನ ಒಬ್ಬ ಮುದುಕ ಮೇಪಲ್ ಅನ್ನುವ ಮರದ ಎಳೆಯ ಸಸಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಬಿಗಿದು ಕಟ್ಟಿ, ವರ್ಷಗಟ್ಟಲೆ ಕಾದು, ಎಲ್ಲವನ್ನೂ ಒಂದೇ ಕಾಂಡ ಮಾಡಿದ್ದ. ಮೊಣಕಾಲೆತ್ತರದ ಗಿಡ, ನೋಡಿದರೆ ನೂರು ವರ್ಷದ ಹೆಮ್ಮರ. ಕದಿರಯ್ಯನ ರೋಮ ನಿಮಿರಿದವು. ತುಂಡುಗಳನ್ನು ಕೂಡಿಸುವುದು ತನ್ನ ಕಸುಬಲ್ಲವೇ? ಮೇಪಲ್ ಬೀಜವನ್ನು ಅಂಚೆಯಲ್ಲಿ ತರಿಸಿ ಬಿತ್ತಿದ. ಶಿರಾ ಸೀಮೆಯ ಬಿಸಿಲಿಗೆ ಅವು ಮೊಳೆಯಲಿಲ್ಲ, ಹುರಿದುಹೋದವು. ಆಗ ಹಿತ್ತಿಲಲ್ಲಿ ತಾವಾಗಿಯೇ ಎದ್ದಿದ್ದ ಏಳು ಹುಣಸೆ ಸಸಿಗಳು ಕಣ್ಣಿಗೆ ಬಿದ್ದವು. ಏಳನ್ನೂ ಒಂದೇ ಕುಂಡದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಮಾಸ್ಕಿಗೆಂದು ತಂದ ಎಲಾಸ್ಟಿಕ್ಕಿನಿಂದ ಸುತ್ತಿದ. ದಾರವಾದರೆ ತೊಗಟೆ ಕೊಯ್ಯುತ್ತದೆ. ಎಲಾಸ್ಟಿಕ್ಕಾದರೆ ಗಿಡ ದಪ್ಪವಾದಂತೆ ತಾನೂ ಹಿಗ್ಗುತ್ತದೆ. ಇದು ಜಪಾನಿನ ಮುದುಕನಿಗೂ ಹೊಳೆಯದ ಉಪಾಯವೆಂದು ಅವನ ನಂಬಿಕೆ.

ಪ್ರತಿ ಶನಿವಾರ ಆಂಜನೇಯನ ಗುಡಿಯಲ್ಲಿ ಕಾವ್ಯವಾಚನ ಕೇಳಿ ಬಂದವನೇ ಟೇಪು ಹಿಡಿದು ಗಿಡದ ಸೊಂಟ ಅಳೆಯುತ್ತಿದ್ದ. ಅಂಗಡಿಯ ಅಳತೆ ಪುಸ್ತಕದಲ್ಲಿ ಅದಕ್ಕೆಂದೇ ಹಾಳೆ. ಮೇಲೆ ಗಿರಾಕಿಯ ಹೆಸರು ಬರೆಯುವ ಕಡೆ 'ಸ್ವಂತ' ಎಂದು ಬರೆದಿದ್ದ. ತನ್ನ ಅಂಗಿ ತಾನೇ ಹೊಲಿದುಕೊಳ್ಳುವಾಗ ಹಾಗೇ ಬರೆಯುವುದು ರೂಢಿ. ಮೊದಲ ವರ್ಷ ಸೊಂಟ ಎರಡು ಇಂಚು. ಮೂರನೇ ವರ್ಷ ಐದು. ಏಳು ಕಾಂಡಗಳ ನಡುವಿನ ಗೆರೆಗಳು, ಜಾಣ ಟೈಲರಿನ ಹೊಲಿಗೆಯಂತೆ, ಕ್ರಮೇಣ ಕಾಣದಾದವು. ಈಗ ಒಂಬತ್ತೂವರೆ ಇಂಚು. ಅದಕ್ಕೆ 'ಸಪ್ತರ್ಷಿ' ಎಂದು ಹೆಸರಿಟ್ಟಿದ್ದ. ಬೀದಿಯವರು ಅವನಿಗೆ 'ಹುಣ್ಸೆ ಹುಚ್ಚ' ಎಂದು ಹೆಸರಿಟ್ಟಿದ್ದರು.

ಅದಕ್ಕೇ ಇವತ್ತಿನ ಬಹುಮಾನ ಬೇಕಿತ್ತು.

"ಕೇಳ್ಲಾ ಚಿಕ್ಕರಾಜು," ಎಂದ ಕದಿರಯ್ಯ, ಸೇರಿದ್ದ ಜನರಿಗೆಲ್ಲ ಕೇಳುವಂತೆ. "ಚಿಗುರು ಇಲ್ದಿದ್ರೂ ಸರಿ. ಇವತ್ತು ಫಸ್ಟ್ ಪ್ರೈಜು ಕದಿರಯ್ಯ ಅನ್ನೋ ಹೆಸ್ರಿಗೆ ಬರ್ಲಿಲ್ಲ ಅಂದ್ರೆ, ಆಂಜನೇಯನಾಣೆ, ಗಿಡಾನೇ ತಂದು ನಿನ್ ಮೇಕೆ ಮುಂದೆ ಇಡ್ತೀನಿ!"

"ಎಲ್ರೂ ಕೇಳಿಸ್ಕಂಡ್ರಾ?" ಚಿಕ್ಕರಾಜು ಬೇವಿನ ಕಡ್ಡಿ ಉಗುಳಿದ. "ನಾನೂ ಬತ್ತೀನಿ ಮಧುಗಿರಿಗೆ. ಸಾಕ್ಷಿ ಬೇಕಲ್ಲ."

ಒಳಗಿನಿಂದ ಹೆಂಡತಿ ಓಬಳಮ್ಮ ಬುತ್ತಿ ಗಂಟು ಹಿಡಿದು ಬಂದಳು. ಆಂಧ್ರದ ಗಡಿಯ ನಾಗಲಮಡಿಕೆ ಕಡೆಯ ಹೆಣ್ಣು. ಬರಗೂರಿಗೆ ಬಂದು ಮೂವತ್ತು ವರ್ಷವಾದರೂ ನಾಲಿಗೆಯಲ್ಲಿ ತೆಲುಗು ಒಣಗಿರಲಿಲ್ಲ. "ಅಬ್ಬಬ್ಬ, ಆ ಮೂಗುಪ್ರಾಣಿ ಮ್ಯಾಲೆ ಯಾಕಷ್ಟು ಕೋಪಂ? ಬಸ್ ಬತ್ತೈತೆ, ನಡೀರಿ," ಎಂದಳು, ಗಿಡದ ಕಡೆ ನೋಡದೆ.

ಶಿರಾ ಬಸ್ಸಿನಲ್ಲಿ ಕದಿರಯ್ಯ ಗಿಡವನ್ನು ಮಡಿಲಲ್ಲಿ ಕೂರಿಸಿಕೊಂಡ. ಕಂಡಕ್ಟರ್ ರಂಗೇಶ್ ಬಂದು ಗಿಡವನ್ನು ಮೇಲಿಂದ ಕೆಳಗೆ ನೋಡಿದ. "ಇದಕ್ಕೂ ಲಗೇಜ್ ಟಿಕೆಟ್ ಆಯ್ತದೆ ಯಜಮಾನ್ರೇ. ಒಂದು ಗಿಡ."

"ಒಂದಾ?" ಕದಿರಯ್ಯನಿಗೆ ಬೈದಷ್ಟು ನೋವಾಯಿತು. "ಕಣ್ ಬಿಟ್ ನೋಡಪ್ಪ. ಇದು ಏಳು ಮರ!"

"ಹಂಗಾದ್ರೆ ಏಳು ಟಿಕೆಟ್ ಹರೀತೀನಿ."

"ಹರಿ! ಏಳೂ ಹರಿ!"

"ಲೇ ಕದಿರಣ್ಣ, ತಲೆ ಕೆಟ್ಟೈತಾ?" ಹಿಂದಿನ ಸೀಟಿನಿಂದ ಚಿಕ್ಕರಾಜು ಕೂಗಿದ. ಕದಿರಯ್ಯ ಕೇಳಲಿಲ್ಲ. ಏಳು ಟಿಕೆಟ್ಟನ್ನೂ ಪ್ರಶಸ್ತಿ ಪತ್ರದಂತೆ ಮಡಿಸಿ ಜೇಬಿಗಿಟ್ಟ. ತನ್ನ ಗಿಡ ಏಳೆಂದು ಹೊರಗಿನವನೊಬ್ಬ ಒಪ್ಪಿದ್ದು ಇದೇ ಮೊದಲು.

ಮಧುಗಿರಿಯ ಸಮುದಾಯ ಭವನದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ವೀರಭದ್ರಯ್ಯ ಎಂಬ ಗಿಡ್ಡನೆಯ ಮನುಷ್ಯ ಕನ್ನಡಕದ ಮೇಲಿಂದ ನೋಡಿದ. "ರೂಲ್ಸ್ ಗೊತ್ತಲ್ಲ? ಒಬ್ಬರಿಗೆ ಒಂದೇ ಗಿಡ. ಒಂದು ಗಿಡಕ್ಕೆ ಒಬ್ಬರದೇ ಕೈ. ಅಕ್ಕಪಕ್ಕದೋರು, ಕೂಲಿಯೋರು ಸೇರಿ ಬೆಳೆಸಿದ್ದು ನಡಿಯಲ್ಲ. ನಿಮ್ಮದು ಎಷ್ಟು?"

ಕದಿರಯ್ಯ ಜೇಬಿನ ಟಿಕೆಟ್ಟುಗಳ ಮೇಲೆ ಕೈಯಿಟ್ಟ. "ಒಂ... ಒಂದೇ ಸ್ವಾಮಿ."

"ಬಸ್ಸಲ್ಲಿ ಏಳಿತ್ತು!" ಎಂದ ಚಿಕ್ಕರಾಜು. "ಜೇಬ್ ನೋಡಿ ಸಾರ್, ಏಳು ಟಿಕೆಟೈತೆ."

ವೀರಭದ್ರಯ್ಯ ಎದ್ದು ಬಂದು ಗಿಡದ ಸೊಂಟ ಹಿಡಿದು ಅಲುಗಿಸಿದ. ಎಲ್ಲೂ ಬಿಡಲಿಲ್ಲ. "ಸೊಂಟ ಒಂದು, ಹಾಗಾಗಿ ಗಿಡ ಒಂದು. ಇಲ್ಲಿ ಸೈನ್ ಹಾಕಿ."

'ಈ ಗಿಡದ ಬುಡದಿಂದ ತುದಿಯವರೆಗೆ ನನ್ನ ಹೊರತು ಬೇರೆ ಯಾರೂ ಕೈಯಿಟ್ಟಿಲ್ಲ' ಎಂದು ಅಚ್ಚು ಹಾಕಿಸಿದ್ದ ಸಾಲಿನ ಕೆಳಗೆ ಕದಿರಯ್ಯ ಉದ್ದಕ್ಕೆ ಸಹಿ ಎಳೆದ.

ಮಧ್ಯಾಹ್ನ ಮೂವರೂ ಭವನದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಓಬಳಮ್ಮನ ತವರಿನ ಕಡೆ ಬೇಳೆಗೆ ಸೊಪ್ಪು ಹಾಕಿ ಮಾಡುವ ಪಪ್ಪು. ಕದಿರಯ್ಯ ಚಿಗುರು ಕದ್ದವರ ವಂಶವನ್ನೆಲ್ಲ ಶಪಿಸುತ್ತ ಮೂರು ರೊಟ್ಟಿ ತಿಂದ. "ಪಪ್ಪು ಇವತ್ತು ಪಸಂದಾಗೈತೆ ಕಣೇ. ಇನ್ನೊಂದ್ ಸ್ವಲ್ಪ ಹಾಕು. ಆ ಮೇಕೆ ಹೊಟ್ಟೆ ಸೇದೋಗ!"

"ತಿನ್ನುವಾಗ ಶಾಪ ಹಾಕ್ಬಾರ್ದು," ಎಂದಳು ಓಬಳಮ್ಮ, ಮೆಲ್ಲಗೆ.

ಮೂರು ಗಂಟೆಗೆ ತೀರ್ಪುಗಾರರಾದ ಅಶ್ವಿನಿ ಮೇಡಂ ಬಂದರು. ತುಳಸಿಯ ಮುಂದೆ, ದಾಸವಾಳದ ಮುಂದೆ ಒಂದೊಂದು ನಿಮಿಷ ನಿಂತವರು ಸಪ್ತರ್ಷಿಯ ಮುಂದೆ ನಿಂತು ಕದಲಲೇ ಇಲ್ಲ. ಕೊನೆಗೆ ಅನುಮಾನದಿಂದ ಕೇಳಿದರು: "ನಲವತ್ತು ವರ್ಷದ ಮರದ ಹಾಗಿದೆ. ಬೆಟ್ಟದಲ್ಲಿ ಬೆಳೆದಿದ್ದನ್ನ ಕಿತ್ತು ತಂದಿದೀರಾ?"

ಕದಿರಯ್ಯ ಈ ಪ್ರಶ್ನೆಗೇ ಆರು ವರ್ಷದಿಂದ ಕಾದಿದ್ದ. ಅಳತೆ ಪುಸ್ತಕ ತೆರೆದಿಟ್ಟ. ಎಲಾಸ್ಟಿಕ್ ತೋರಿಸಿದ. ಏಳು ಟಿಕೆಟ್ಟನ್ನೂ ತೋರಿಸಿದ. ಮೇಡಂ ಪುಟ ತಿರುಗಿಸುತ್ತ ಹೋದಂತೆ ಅವರ ಹುಬ್ಬು ಮೇಲೇರಿತು.

"ಅದ್ಭುತ ಕಣ್ರೀ. ಆದ್ರೆ ಸೊಂಟ ಕೂಡಿಸೋದು ಅರ್ಧ ಕೆಲಸ ಅಷ್ಟೇ. ಈ ತಲೆ ನೋಡಿ! ಹುಣಸೆ ಇಷ್ಟು ಒತ್ತಾಗಿ, ಕೊಡೆ ಹಾಗೆ ಬರಬೇಕಾದ್ರೆ ಪ್ರತಿ ಚಿಗುರನ್ನೂ ಎರಡೇ ಎಲೆ ಬಿಟ್ಟು ಚಿವುಟಬೇಕು. ವರ್ಷಗಟ್ಟಲೆ, ಒಂದೂ ತಪ್ಪದ ಹಾಗೆ. ಚಿವುಟೋರು ಯಾರು?"

"ಮೇಕೆ," ಎಂದ ಕದಿರಯ್ಯ.

"ಮೇಕೆನಾ?" ಮೇಡಂ ಭೂತಗನ್ನಡಿ ತೆಗೆದು ರೆಂಬೆಯ ತುದಿ ನೋಡಿದರು. "ಮೇಕೆ ಹರಿಯುತ್ತೆ. ಇದು ಉಗುರಿನ ಗುರುತು. ಮನುಷ್ಯರದು."

"ಕೇಳಿಸ್ತಾ ಕದಿರಣ್ಣಾ!" ಚಿಕ್ಕರಾಜು ಕುಣಿದೇಬಿಟ್ಟ. "ಮನುಷ್ಯರದಂತೆ! ಆರು ವರ್ಷ ನನ್ ಮೇಕೆ ಮ್ಯಾಲೆ ಕಳ್ಳತನ ಹೊರ್ಸಿದ್ಯಲ್ಲ!"

"ನೀವೇನಾ ಚಿವುಟೋದು? ಎಲ್ಲಿ, ಇಲ್ಲಿ ಎಲೆ ಕೆಳಗೆ ಒಂದು ಚಿಗುರು ಉಳಿದಿದೆ. ಚಿವುಟಿ ತೋರಿಸಿ," ಎಂದರು ಮೇಡಂ.

ಕದಿರಯ್ಯ ಅಭ್ಯಾಸಬಲದಿಂದ ಜೇಬಿನ ಕತ್ತರಿ ತೆಗೆದ, ಪ್ಯಾಂಟಿನ ಕಾಲು ಕತ್ತರಿಸುವವನಂತೆ ಅಗಲವಾಗಿ ಬಾಯಿ ತೆರೆಸಿ, ರೆಂಬೆಯ ಬುಡಕ್ಕೇ ಇಟ್ಟ.

"ಅಯ್ಯಯ್ಯೋ, ಅಂಗಲ್ಲ! ಬುಡಿ ಈಕಡೆ!" ಗುಂಪಿನ ಹಿಂದಿನಿಂದ ಓಬಳಮ್ಮ ನುಗ್ಗಿ ಬಂದಳು. ಗಂಡನ ಕೈ ಪಕ್ಕಕ್ಕೆ ಸರಿಸಿ, ಎರಡೇ ಎಲೆ ಬಿಟ್ಟು, ಹೆಬ್ಬೆರಳ ಉಗುರಿನಿಂದ ಚಿಗುರನ್ನು ಪಟಕ್ಕನೆ ಚಿವುಟಿದಳು. ಎಲೆಮರೆಯಲ್ಲಿ ಇನ್ನೊಂದು ಕಂಡಿತು, ಅದನ್ನೂ. ಮತ್ತೊಂದು, ಅದನ್ನೂ. ಅವಳ ಕೈ ಹೂ ಬಿಡಿಸುವವಳ ಕೈಯಂತೆ ತಾನೇ ತಾನಾಗಿ ಓಡಾಡಿತು. ಚಿವುಟಿದ್ದಷ್ಟನ್ನೂ ಅದೇ ಕೈ, ಆರು ವರ್ಷದ ರೂಢಿಯಂತೆ, ಸೆರಗಿನ ಮಡಿಲಿಗೆ ಹಾಕಿಕೊಂಡಿತು.

ಸೇರಿದವರೆಲ್ಲ ಕತ್ತು ಚಾಚಿದರು.

ಕದಿರಯ್ಯ ಆ ಮಡಿಲನ್ನು ನೋಡಿದ. ಬುತ್ತಿ ಗಂಟನ್ನು ನೋಡಿದ. ತನ್ನ ಹೊಟ್ಟೆಯನ್ನು ನೋಡಿಕೊಂಡ. "ಓಬಳೀ... ಆ ಪಪ್ಪು..."

"ಚಿಂತಚಿಗುರು ಪಪ್ಪು, ಹುಣಸೆ ಚಿಗುರಿಂದು," ಎಂದಳು ಅವಳು ತಲೆ ತಗ್ಗಿಸಿ. "ನಮ್ ಕಡೆ ಅದಿಲ್ದೆ ನಾಲಿಗೆಗೆ ರುಚೀನೇ ಇಲ್ಲ. ಇಲ್ಲಿ ಹುಣಸೆಮರ ಹತ್ತೋರು ಯಾರು? ಇದು ಕೈಗೆ ಎಟುಕ್ತಿತ್ತು. ಬುಡಕ್ಕೆ ಕಿತ್ರೆ ಮತ್ತೆ ಚಿಗುರಲ್ಲ ಅಂತ ಎರಡೆರಡು ಎಲೆ ಬಿಟ್ಟು ಕೀಳ್ತಿದ್ದೆ. ನೀವೂ ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ರಿ."

ವೀರಭದ್ರಯ್ಯ ಸಹಿ ಹಾಕಿದ ಕಾಗದ ಹಿಡಿದು ಮುಂದೆ ಬಂದ. "ಮೇಡಂ, ಎರಡು ಕೈ ಬಿದ್ದಿದೆ. ರೂಲ್ಸ್ ಪ್ರಕಾರ ಗಿಡ ಸ್ಪರ್ಧೆಯಿಂದ ಔಟು."

"ಇಡೀ ಹಾಲ್‌ನಲ್ಲಿ ಇದರ ಸಮ ಇನ್ನೊಂದಿಲ್ಲ," ಎಂದರು ಮೇಡಂ ಬೇಸರದಿಂದ. "ಆದ್ರೆ ಒಬ್ಬರದೇ ಅಂತ ಸೈನ್ ಇದೆ. ಆ ಒಬ್ಬರು ಯಾರು, ಹೇಳಿ ಯಜಮಾನ್ರೇ. ಈ ತಲೆ ನಿಮ್ಮದಲ್ಲ ಅಂತ ನಾನೇ ಕಣ್ಣಾರೆ ನೋಡಿದೆ."

ಕದಿರಯ್ಯ ಸಪ್ತರ್ಷಿಯ ಕಡೆ ತಿರುಗಿದ. ಇಬ್ಬರದೂ ಅಂದರೆ ಗಿಡ ಸೋಲುತ್ತದೆ. ತನ್ನದು ಅಂದರೆ ಯಾರೂ ನಂಬುವುದಿಲ್ಲ. ಏಳು ಸಸಿಗಳು ತಮ್ಮ ತಮ್ಮ ಹೆಸರು ಬಿಟ್ಟುಕೊಟ್ಟೇ ಒಂದು ಮರವಾದದ್ದು ಅವನಿಗೆ ಆಗ ನೆನಪಾಯಿತು. ಬೇಡದ ಹೊತ್ತಿನಲ್ಲಿ ನೆನಪಾಯಿತಲ್ಲ ಎಂದು ಸಿಟ್ಟೂ ಬಂತು.

"ಅವಳ್ದೇ," ಎಂದ. "ಬುಡದಿಂದ ತುದೀಗಂಟ ಅವಳ್ದೇ. ಸೈನ್ ಮಾತ್ರ ನಾನ್ ಹಾಕ್ದೆ. ಅವಳಿಗೆ ಬರಹ ನಿಧಾನ."

ಸಂಜೆ ಐದಕ್ಕೆ ಮೈಕಿನಲ್ಲಿ 'ಪ್ರಥಮ ಬಹುಮಾನ, ಶ್ರೀಮತಿ ಓಬಳಮ್ಮ, ಬರಗೂರು' ಎಂದು ಕೂಗಿದರು. ಶಾಲು, ಪ್ರಶಸ್ತಿ ಪತ್ರ, ಗಿಡ ಕತ್ತರಿಸುವ ಹೊಸ ಕತ್ತರಿ. ಕತ್ತರಿಯನ್ನು ಅವಳು ಅಲ್ಲೇ ಗಂಡನಿಗೆ ಕೊಟ್ಟಳು. "ನಂಗ್ಯಾಕೆ ಇದು, ಉಗುರೈತಲ್ಲ."

ಹೊರಗೆ ಬಂದ ಕೂಡಲೆ ಚಿಕ್ಕರಾಜು ದಾರಿಗೆ ಅಡ್ಡ ನಿಂತ. "ಪ್ರೈಜು ಕದಿರಯ್ಯ ಅನ್ನೋ ಹೆಸ್ರಿಗೆ ಬರ್ಲಿಲ್ಲ. ಆಂಜನೇಯನಾಣೆ ನೀನೇ ಹಾಕಿದ್ದೆ. ಗಿಡ ಮೇಕೆಗೆ!"

"ಯಾರ್ ಗಿಡ?" ಓಬಳಮ್ಮ ಪ್ರಶಸ್ತಿ ಪತ್ರ ಬಿಚ್ಚಿ ಅವನ ಮೂಗಿಗೆ ಹಿಡಿದಳು. "ನನ್ ಗಿಡದ ಮ್ಯಾಲೆ ಅವರ್ಯಾಕಪ್ಪಾ ಆಣೆ ಹಾಕೋದು? ಅಂಗಂತ ದೇವರ ಮಾತು ಸುಳ್ಳಾಗ್ಬಾರ್ದು. ಮೇಕೆ ಮುಂದೆ ಸೊಪ್ಪು ಇಡ್ಲಿ. ಆರು ವರ್ಷ ಬೈದಿದ್ದಕ್ಕೆ ಆರು ತಿಂಗಳು, ದಿನಾ ಒಂದ್ ಹೊರೆ. ಅವರೇ ಹೊತ್ಕೊಂಡ್ ಬರ್ಲಿ."

"ಆಯ್ತು ಕಣಕ್ಕ," ಎಂದ ಚಿಕ್ಕರಾಜು. ಮೇಕೆಯ ಪರವಾಗಿ ಅವನೇ ತಲೆಯಾಡಿಸಿದ.

ವಾಪಸ್ ಶಿರಾದಿಂದ ಅದೇ ರಂಗೇಶನ ಬಸ್ಸು. "ಬನ್ನಿ ಏಳು ಮರದ ಯಜಮಾನ್ರೇ! ಈಗ್ಲೂ ಏಳೇನಾ?"

ಗಿಡ ಓಬಳಮ್ಮನ ಮಡಿಲಲ್ಲಿತ್ತು. "ಒಂದೇ ಕಣಪ್ಪ," ಎಂದಳು ಅವಳು. ಪಕ್ಕದ ಸೀಟಿನ ಮುದುಕಿ ಮುನಿಯಮ್ಮ ಬಗ್ಗಿ ನೋಡಿ ಬೆರಗಾದಳು. "ಎಷ್ಟು ಲಕ್ಷಣವಾಗೈತವ್ವಾ! ಯಾರ್ ಬೆಳ್ಸಿದ್ದು?"

ಕದಿರಯ್ಯನಿಗೆ ತಡೆಯಲಾಗಲಿಲ್ಲ. ಎದೆ ತಾನಾಗಿಯೇ ಉಬ್ಬಿತು. "ನಮ್ಮನೆಯೋಳು! ಮಧುಗಿರಿಗೇ ಫಸ್ಟು! ಪತ್ರ ತೋರ್ಸೇ, ಅಜ್ಜಿಗೆ ತೋರ್ಸು!" ಎಂದ. ಬಸ್ಸೆಲ್ಲ ಪತ್ರ ನೋಡುವ ತನಕ ಅವನು ಕೂರಲಿಲ್ಲ.

ಮನೆಗೆ ಬಂದು ಕುಂಡವನ್ನು ಜಗಲಿಯಲ್ಲಿಟ್ಟ. ನಿನ್ನೆ ಅಳೆದಾಗಿದ್ದರೂ ಟೇಪು ತಂದು ಇನ್ನೊಮ್ಮೆ ಸೊಂಟ ಅಳೆದ. ಒಂಬತ್ತೂವರೆ. ಅಳತೆ ಪುಸ್ತಕ ತೆರೆದು, ಪೆನ್ನು ಹಿಡಿದ. ಆಮೇಲೆ ಹಾಳೆಯ ಮೇಲ್ತುದಿಯಲ್ಲಿದ್ದ 'ಸ್ವಂತ' ಎಂಬ ಮಾತನ್ನು ಹೊಡೆದುಹಾಕಿ, ದುಂಡಗೆ ಬರೆದ: 'ಗಿರಾಕಿ: ಓಬಳಮ್ಮ.'

"ಊಟಕ್ಕೆ ಏಳಿ, ಪಪ್ಪು ಬಿಸಿ ಐತೆ," ಒಳಗಿನಿಂದ ಗಿರಾಕಿಯ ದನಿ ಬಂತು. "ತಿಂದು ಕುಡುಗೋಲು ಮಸೆದಿಟ್ಕೊಳ್ಳಿ. ಬೆಳಿಗ್ಗೆ ಬೇಗ ಸೊಪ್ಪಿಗೆ ಹೋಗ್ಬೇಕು."