ಕಪ್ಪು ನೋಡಲು ಹೋಗುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಟಿವಿಯ ಯೋಗಕ್ಷೇಮ, ಮನೆಯವರದು ಆಮೇಲೆ. ಪುರಸೈವಾಕ್ಕಂನಲ್ಲಿ ಅವರದೊಂದು ಟಿವಿ ರಿಪೇರಿ ಅಂಗಡಿ. ಡಬ್ಬದಂಥ ಟಿವಿಗಳ ಕಾಲದಲ್ಲಿ ಅವರ ಅರ್ಧ ವಿದ್ಯೆ ತಲೆಯಲ್ಲಿದ್ದರೆ ಇನ್ನರ್ಧ ಅಂಗೈಯಲ್ಲಿತ್ತು. ಪಕ್ಕೆಗೆ ಎಲ್ಲಿ, ಎಷ್ಟು ಜೋರಾಗಿ ಬಾರಿಸಿದರೆ ಚಿತ್ರ ಬರುತ್ತದೆಂದು ಅವರಿಗೆ ಮಾತ್ರ ಗೊತ್ತು. ಆ ಕೈ ಕಂಡರೆ ನಾವು ಮಕ್ಕಳು ತೆಪ್ಪಗೆ ಹೋಂವರ್ಕ್ ಮಾಡುತ್ತಿದ್ದೆವು!

ಆಮೇಲೆ ಟಿವಿಗಳು ತೆಳ್ಳಗಾದವು. ಕೆಟ್ಟರೆ ರಿಪೇರಿ ಮಾಡಿಸುವವರೇ ಇಲ್ಲ, ಎಲ್ಲರೂ ಹೊಸದು ತರುತ್ತಾರೆ. ಹೋದ ವರ್ಷ ಚಿಕ್ಕಪ್ಪ ಚಿಕ್ಕಮ್ಮನಿಗೆ ಹೇಳಿಯೇಬಿಟ್ಟರು: "ತಿಂಗಳ ಕೊನೇಲಿ ಅಂಗಡಿ ಖಾಲಿ ಮಾಡ್ತೀವಿ ಅಂತ ಓನರಮ್ಮನಿಗೆ ಹೇಳ್ಬಿಡು. ನನ್ನ ಬಾಯಲ್ಲಿ ಬರಲ್ಲ." ಚಿಕ್ಕಮ್ಮ "ಆಗ್ಲಿ" ಅಂದರಂತೆ.

ಹಾಗಂತ ಚಟ ಬಿಡುತ್ತದೆಯೇ? ಅದೇ ವಾರ ನನ್ನನ್ನು ಶೋರೂಮಿಗೆ ಎಳೆದುಕೊಂಡು ಹೋದರು. ಸೇಲ್ಸ್‌ಮನ್ ಓಎಲ್‌ಇಡಿ ಟಿವಿಯಲ್ಲಿ ಜಲಪಾತ, ಗಿಳಿ, ನವಿಲು ಎಲ್ಲ ತೋರಿಸಿದ.

"ತಂಬಿ, ಗಿಳಿ ಇರ್ಲಿ. ಕಪ್ಪು ತೋರ್ಸು."

"ಕಪ್ಪು ತೋರಿಸಿದ್ರೆ ಆಫ್ ಆಗಿದೆ ಅಂದ್ಕೋತಾರೆ ಸಾರ್!"

"ಅದೇ ಅಲ್ವೇನಪ್ಪಾ ಇದರ ಗಮ್ಮತ್ತು?" ಎಂದವರೇ ನನ್ನ ಕಡೆ ತಿರುಗಿದರು. "ಮಾಮೂಲಿ ತೆಳು ಟಿವೀಲಿ ಹಿಂದ್ಗಡೆ ದೀಪ ಉರೀತಾನೇ ಇರತ್ತೆ. ಅದರ ಮುಂದೆ ಪುಟ್ಟ ಪುಟ್ಟ ಕಿಟಕಿ ಥರ ಇರತ್ತೆ, ಅದನ್ನ ಮುಚ್ಚಿ ಕತ್ತಲೆ ಮಾಡ್ತಾರೆ. ಸಂದೀಲಿ ಬೆಳಕು ಸೋರತ್ತೆ, ಕಪ್ಪು ಬೂದಿ ಥರ ಕಾಣತ್ತೆ. ಇದರಲ್ಲಿ ಒಂದೊಂದು ಚುಕ್ಕೀನೂ ತಾನೇ ದೀಪ. ಕರೆಂಟ್ ಕೊಟ್ರೆ ಉರಿಯತ್ತೆ, ನಿಲ್ಸಿದ್ರೆ ಆರತ್ತೆ. ಹಿಂದೆ ದೀಪಾನೇ ಇಲ್ಲ, ಅದಕ್ಕೇ ಇಷ್ಟು ತೆಳು." ಸುತ್ತ ಗುಂಪು ಸೇರಿತ್ತು. ಸೇಲ್ಸ್‌ಮನ್ ಕೂಡ ಕೈಕಟ್ಟಿ ಕೇಳುತ್ತಿದ್ದ.

ಅಷ್ಟರಲ್ಲಿ ವೇಲಚೇರಿಯ ನಮ್ಮ ಮನೆಯ ಅಂಥದೇ ಟಿವಿ ಕಣ್ಣುಮುಚ್ಚಿತು. ನೋಡಲು ಬಂದ ಮೆಕ್ಯಾನಿಕ್ "ಪ್ಯಾನೆಲ್ಲು, ಅಂದ್ರೆ ಪರದೇನೇ ಹೋಗಿದೆ, ಹೊಸದು ತಗೊಳ್ಳಿ" ಎಂದು ಹೊರಟುಹೋದ. ನಾನು ಚಿಕ್ಕಪ್ಪನನ್ನು ಕರೆದೆ.

ಬಂದವರೇ ಅಭ್ಯಾಸಬಲದಿಂದ ಕೈ ಎತ್ತಿದರು. ಎಲ್ಲಿಗೆ ಹೊಡೆಯುವುದು? "ಇದಕ್ಕೆ ಪಕ್ಕೇನೇ ಇಲ್ವಲ್ಲೇ," ಎಂದು ಕೈಯನ್ನು ಜೇಬಿಗೆ ಸೇರಿಸಿದರು. ಇಂಥ ಟಿವಿಯನ್ನು ಅವರು ಈವರೆಗೆ ಬಿಚ್ಚಿರಲಿಲ್ಲ. ಸ್ಕ್ರೂಡ್ರೈವರನ್ನು ಎರಡೆರಡು ಸಲ ಒರೆಸಿಕೊಂಡರು.

"ಮೇಲ್ಗಡೆ ಮಾತ್ರ ತೆಳು. ಹೊಟ್ಟೆ ಕೆಳಗಿದೆ," ಎನ್ನುತ್ತ ಹಿಂಬದಿಯ ಡಬ್ಬಿ ಬಿಚ್ಚಿದರು. ಮೂರು ಗಂಟೆ, ನಾಲ್ಕು ಲೋಟ ಕಾಫಿ. ಕೆಟ್ಟಿದ್ದು ಪವರ್ ಬೋರ್ಡು, ಪ್ಯಾನೆಲ್ ಅಲ್ಲ. ಬೆಸುಗೆ ಹಾಕಿ ಮುಗಿಸಿ, ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

"ನೀನೇ ಆನ್ ಮಾಡು. ಬಂತಾ?"

"ಬಂತು ಚಿಕ್ಕಪ್ಪ."

"ಕಪ್ಪು?"

"ಕಪ್ಪಗೇ ಇದೆ."

ನನಗೆ ಹೆಮ್ಮೆಯೋ ಹೆಮ್ಮೆ. ಹೊಸದು ತನ್ನಿ ಎನ್ನುವ ಈ ಊರಿನಲ್ಲಿ ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ! ಅವರು ಕಣ್ಣೊರೆಸಿಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಲೇ, ಅಂಗಡಿ ಇರ್ಲಿ ಕಣೇ. ಬೇರೆಯವ್ರಿಗೆ ಕೊಡ್ಬೇಡಿ ಅಂತ ಓನರಮ್ಮನ್ನ ಒಂದ್ಮಾತು ಕೇಳ್ತೀಯಾ?"



"ಕೇಳೋದೇನ್ರೀ," ಅಂದರು ಚಿಕ್ಕಮ್ಮ, "ಖಾಲಿ ಮಾಡ್ತೀವಿ ಅಂತ ನಾನು ಅವ್ರಿಗೆ ಹೇಳೇ ಇಲ್ಲ."